ಸೌದೆ ಬಿಡಿಸಲು ಹೋದವರು ನೀರು ಕೊಟ್ಟರು: ಪುರ ಗ್ರಾಮದ ಪ್ರಕರಣ

ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನಲ್ಲಿ ಪುರ ಎಂಬ ಊರಿದೆ. 1977ರ ಸೆಪ್ಟೆಂಬರಿನಲ್ಲಿ ಅಲ್ಲಿದ್ದದ್ದು 56 ಮನೆ, 357 ಜನ. ರಾಗಿ, ಭತ್ತ ಬೆಳೆದುಕೊಂಡು, ದನ ಮೇಯಿಸಿಕೊಂಡು ಬದುಕುತ್ತಿದ್ದ ಈ ಪುಟ್ಟ ಊರಿನ ಒಲೆಗೆ ದಿನಕ್ಕೆ ಎಷ್ಟು ಸೌದೆ ಬೀಳುತ್ತದೆ, ಅದನ್ನು ಯಾರು ತರುತ್ತಾರೆ, ಎಷ್ಟು ದೂರ ನಡೆಯುತ್ತಾರೆ ಎಂಬುದನ್ನು ಮನೆಮನೆಗೆ ಹೋಗಿ ಅಳೆದು ಬರೆದಿಟ್ಟರು. ಬರೆದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ 'ಅಸ್ತ್ರ' ತಂಡದವರು. ವಿಜ್ಞಾನವನ್ನು ಹಳ್ಳಿಯ ಬಾಗಿಲಿಗೆ ಒಯ್ಯಬೇಕೆಂದು 1974ರಲ್ಲಿ ಹುಟ್ಟಿದ ಆ ತಂಡದ ಹಿಂದೆ ಇದ್ದವರು ಅಮೂಲ್ಯ ಕುಮಾರ್ ಎನ್. ರೆಡ್ಡಿ. ಮೂಲತಃ ವಿದ್ಯುತ್ ರಸಾಯನಶಾಸ್ತ್ರಜ್ಞರಾಗಿದ್ದ ಅವರು ಆಮೇಲಿನ ಬದುಕನ್ನೆಲ್ಲ ಹಳ್ಳಿಯ ಶಕ್ತಿಯ ಪ್ರಶ್ನೆಗೇ ಕೊಟ್ಟುಬಿಟ್ಟರು.

ಸೌದೆಯಿಂದ ಬೇರೆ ಶಕ್ತಿಗೆ ಹೊರಳುವುದು ಎಂದಾಗಲೆಲ್ಲ ನನಗೆ ಈ ಊರು ನೆನಪಾಗುತ್ತದೆ. ನಾನೂ ಅದೇ ಸೀಮೆಯ ಬಯಲಲ್ಲಿ ಬೆಳೆದವಳು. ಶಾಲೆ ಬಿಟ್ಟ ಮೇಲೆ ಅಮ್ಮನ ಹಿಂದೆ ಸಿಂಬೆ ಹಿಡಿದುಕೊಂಡು ಹೋಗಿ, ಬೇಲಿಸಾಲಿನ ಒಣಪುಳ್ಳೆ, ಜಾಲಿಯ ಕಡ್ಡಿ, ಲಂಟಾನದ ಸಿಬಿರು ಆಯ್ದು ಹೊರೆ ಕಟ್ಟಿದವಳು. ಪುರದ ಅಂಕಿಗಳನ್ನು ಮೊದಲ ಸಲ ಓದಿದಾಗ ನಮ್ಮಮ್ಮನ ದಿನಚರಿಯನ್ನೇ ಯಾರೋ ಪಕ್ಕದಲ್ಲಿ ನಿಂತು ಬರೆದುಕೊಂಡ ಹಾಗೆ ಅನ್ನಿಸಿತ್ತು.

ಊರಿನ ಲೆಕ್ಕ

ಪುರದಲ್ಲಿ ಬಳಕೆಯಾಗುತ್ತಿದ್ದ ಒಟ್ಟು ಶಕ್ತಿಯಲ್ಲಿ ಶೇ. 89 ಸೌದೆಯದ್ದು. ಮನುಷ್ಯರ ಮೈಶಕ್ತಿ ಶೇ. 7, ಸೀಮೆಎಣ್ಣೆ ಶೇ. 2, ಎತ್ತುಗಳದ್ದು ಶೇ. 1, ಕರೆಂಟಿನದ್ದೂ ಶೇ. 1. ಇದನ್ನು ನಿಧಾನವಾಗಿ ನೋಡಬೇಕು. ಸೌದೆ, ಮನುಷ್ಯ, ಎತ್ತು ಮೂರನ್ನೂ ಕೂಡಿಸಿದರೆ ಶೇ. 97. ಇವತ್ತು ನಾವು ನವೀಕರಿಸಬಹುದಾದ ಶಕ್ತಿ ಎಂದು ಯಾವುದನ್ನು ಕರೆಯುತ್ತೇವೋ ಅದರ ಮೇಲೆಯೇ ಆ ಊರು ಹೆಚ್ಚೂಕಡಿಮೆ ಪೂರ್ತಿ ನಿಂತಿತ್ತು. ಕಲ್ಲಿದ್ದಲಿಲ್ಲ, ಪೆಟ್ರೋಲಿಲ್ಲ. ಸೌದೆಗಾಗಿ ಮರ ಉರುಳಿಸುತ್ತಿದ್ದರು ಅಂತಲೂ ಅಲ್ಲ. ಒಲೆಗೆ ಹೋಗುತ್ತಿದ್ದದ್ದು ಹೆಚ್ಚಾಗಿ ಕಡ್ಡಿ, ಪುಳ್ಳೆ, ಉದುರಿದ ಕೊಂಬೆ. ಕಾಡು ಕಡಿಯುವುದು ಪಟ್ಟಣದ ಸೌದೆ ಡಿಪೋಗಳಿಗೆ, ಇಟ್ಟಿಗೆ ಗೂಡುಗಳಿಗೆ ಬೇಕಾದ ದಿಮ್ಮಿಗಾಗಿ. ಹಳ್ಳಿಯ ಹೆಂಗಸು ತಲೆಯ ಮೇಲೆ ಹೊತ್ತು ತರುವ ಹೊರೆಯಲ್ಲಿ ಮರ ಇರುವುದಿಲ್ಲ, ಮರದ ಉಚ್ಛಿಷ್ಟ ಇರುತ್ತದೆ. ಈ ವ್ಯತ್ಯಾಸವನ್ನು ಮರೆತು ಹಳ್ಳಿಯ ಒಲೆಯ ಮೇಲೆ ಕಾಡುನಾಶದ ಆರೋಪ ಹೊರಿಸಿದವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ.

ಹಾಗಾದರೆ ಪುರ ಆದರ್ಶದ ಊರೇ? ಲೆಕ್ಕದ ಇನ್ನೊಂದು ಪುಟ ತಿರುವಬೇಕು.

ಒಂದು ಮನೆಗೆ ದಿನಕ್ಕೆ ಸುಮಾರು 10 ಕೆಜಿ ಸೌದೆ. ಅದನ್ನು ತರಲು ದಿನಕ್ಕೆ ಸರಾಸರಿ 2.6 ಗಂಟೆ, 4.8 ಕಿಲೋಮೀಟರ್ ನಡಿಗೆ. ವರ್ಷಕ್ಕೆ ಗುಣಿಸಿದರೆ ಸುಮಾರು 950 ಗಂಟೆ ಆಗುತ್ತದೆ. ದಿನಕ್ಕೆ ಎಂಟು ಗಂಟೆಯ ಕೂಲಿ ಎಂದು ಹಿಡಿದರೂ ಒಂದು ಮನೆಯ ಹೆಂಗಸರು, ಮಕ್ಕಳು ವರ್ಷದಲ್ಲಿ ಹತ್ತಿರ ಹತ್ತಿರ 119 ದಿನ ಬರೀ ಸೌದೆಗೇ ಕೂಲಿಯಿಲ್ಲದೆ ದುಡಿದಂತಾಯಿತು. ಅದು ಸಾಲದೆಂದು ನೀರು ಬೇರೆ. ದಿನಕ್ಕೆ ಒಂದೂವರೆ ಗಂಟೆ, 1.6 ಕಿಲೋಮೀಟರ್ ಓಡಾಡಿ ತಂದರೂ ತಲೆಗೆ ಸಿಗುತ್ತಿದ್ದದ್ದು 17 ಲೀಟರ್. ಅಷ್ಟರಲ್ಲೇ ಕುಡಿಯಬೇಕು, ಅಡಿಗೆ ಮಾಡಬೇಕು, ಮೈ ತೊಳೆಯಬೇಕು. ಸೌದೆ, ನೀರು, ದನ ಮೇಯಿಸುವ ಕೆಲಸಗಳಲ್ಲಿ ಸುಮಾರು ಶೇ. 30ರಷ್ಟು ಮಕ್ಕಳ ಮೈಮೇಲೆ ಬೀಳುತ್ತಿತ್ತು. ಮಗು ಶಾಲೆಗೆ ಹೋಗದೆ ಇದ್ದುದಕ್ಕೆ ಅಪ್ಪ ಅಮ್ಮನ ಅಜ್ಞಾನ ಕಾರಣ ಎನ್ನುವವರು ಈ ಒಂದು ಅಂಕಿಯನ್ನು ಓದಬೇಕು. ಮಗು ಶಾಲೆಗೆ ಹೋದರೆ ಸಂಜೆಗೆ ಒಲೆ ಉರಿಯುವುದು ಹೇಗೆ?

ಕರೆಂಟು ಊರಿಗೆ ಬಂದಿತ್ತು. ಸರ್ಕಾರದ ಪಟ್ಟಿಯಲ್ಲಿ ಪುರ ವಿದ್ಯುದೀಕರಣವಾದ ಗ್ರಾಮ. ಬರುತ್ತಿದ್ದ ಕರೆಂಟು ದಿನಕ್ಕೆ ಸುಮಾರು 30 ಯೂನಿಟ್. ಅದರಲ್ಲಿ ಶೇ. 65 ಒಂಬತ್ತು ಜನ ಜಮೀನುದಾರರ ಹನ್ನೆರಡು ಪಂಪ್‌ಸೆಟ್‌ಗಳಿಗೆ, ಶೇ. 28 ಹದಿನಾಲ್ಕು ಮನೆಗಳ ದೀಪಕ್ಕೆ, ಉಳಿದ ಶೇ. 7 ಒಂದು ಹಿಟ್ಟಿನ ಗಿರಣಿಗೆ ಹೋಗುತ್ತಿತ್ತು. ಮುಕ್ಕಾಲು ಪಾಲು ಮನೆಗಳು ಕತ್ತಲಲ್ಲಿ ಬುಡ್ಡಿ ಹಚ್ಚಿಕೊಳ್ಳುತ್ತಿದ್ದವು. ಕಂಬ ನೆಟ್ಟ ಮಾತ್ರಕ್ಕೆ ಬೆಳಕು ಹಂಚಿಕೆಯಾಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಲೆಕ್ಕವನ್ನು ನಾನು ನೋಡಿಲ್ಲ.

ಸಗಣಿ ಸಾಲಲಿಲ್ಲ

ಇಂಥ ಲೆಕ್ಕ ಕೈಗೆ ಸಿಕ್ಕ ಮೇಲೆ ಯಾವ ಎಂಜಿನಿಯರಿಗೂ ಹೊಳೆಯುವ ದಾರಿ ಒಂದೇ. ಶಕ್ತಿಯ ಸಿಂಹಪಾಲು ಅಡಿಗೆಗೆ, ಅಡಿಗೆ ಪೂರ್ತಿ ಸೌದೆಯ ಮೇಲೆ. ಊರಿನಲ್ಲಿ ದನಗಳಿವೆ, ದನಗಳಿಗೆ ಸಗಣಿಯಿದೆ. ಹಾಗಿದ್ದ ಮೇಲೆ ಇಡೀ ಊರಿಗೊಂದು ಗೋಬರ್ ಗ್ಯಾಸ್ ಸ್ಥಾವರ ಕಟ್ಟಿ, ಮನೆಮನೆಗೆ ಅಡಿಗೆ ಅನಿಲ ಕೊಟ್ಟರೆ ಹೆಂಗಸರ ಹೊರೆ ಇಳಿಯುತ್ತದೆ, ಹೊಗೆಯೂ ಹೋಗುತ್ತದೆ. 1980ರ ದಶಕದ ಮೊದಲ ವರ್ಷಗಳಲ್ಲಿ ಪುರದಲ್ಲಿ ಸಮುದಾಯ ಸ್ಥಾವರ ಎದ್ದದ್ದು ಈ ಆಸೆಯಿಂದಲೇ.

ಆಸೆ ಕೈಗೂಡಲಿಲ್ಲ. ಅದಕ್ಕೆ ಕಾರಣ ಎರಡು. ಮೊದಲನೆಯದು ಬರೀ ಗಣಿತ. ಒಬ್ಬರ ಎರಡು ಹೊತ್ತಿನ ಅಡಿಗೆಗೆ ದಿನಕ್ಕೆ ಸುಮಾರು ಕಾಲು ಘನ ಮೀಟರ್ ಅನಿಲ ಬೇಕು. 357 ಜನಕ್ಕೆ ಸುಮಾರು 90 ಘನ ಮೀಟರ್. ಒಂದು ಕೆಜಿ ಹಸಿ ಸಗಣಿಯಿಂದ ಬರುವ ಅನಿಲ 35ರಿಂದ 40 ಲೀಟರ್. ಅಂದರೆ ದಿನಾ ಎರಡೂಕಾಲು ಟನ್ನಿಗೂ ಹೆಚ್ಚು ಸಗಣಿ ಬರಬೇಕು. ಬಯಲಲ್ಲಿ ಮೇಯುವ ನಾಟಿ ದನ ಹಗಲಿನ ಸಗಣಿಯನ್ನು ಗೋಮಾಳದಲ್ಲಿ, ಹೊಲದ ಬದುವಿನಲ್ಲಿ, ದಾರಿಯಲ್ಲಿ ಹಾಕಿ ಬರುತ್ತದೆ. ಕೊಟ್ಟಿಗೆಯಲ್ಲಿ ಕೈಗೆ ಸಿಗುವುದು ರಾತ್ರಿಯದ್ದು ಮಾತ್ರ. ಪುರದ ದನಗಳಿಂದ ಊರಿನ ಎಲ್ಲ ಒಲೆ ಉರಿಯುವಷ್ಟು ಸಗಣಿ ಹುಟ್ಟುವಂತೆಯೇ ಇರಲಿಲ್ಲ. ಅರ್ಧ ಅಡಿಗೆಗೆ ಸಾಕಾಗುವ ಅನಿಲ ಕೊಟ್ಟರೆ ಮನೆಯಾಕೆಗೆ ಸಿಗುವುದು ಏನು? ಉಳಿದರ್ಧಕ್ಕೆ ಅವಳು ಮತ್ತೆ ಬೇಲಿಸಾಲಿಗೆ ಹೋಗಲೇಬೇಕು. ಒಲೆ ಎರಡಾಗುತ್ತದೆ, ಹೊರೆ ಇಳಿಯುವುದಿಲ್ಲ.

ಎರಡನೆಯ ಕಾರಣ ಇನ್ನೂ ಆಳದ್ದು. ಸೌದೆಗೆ ಯಾರೂ ದುಡ್ಡು ಕೊಡುತ್ತಿರಲಿಲ್ಲ. ಹೆಚ್ಚೂಕಡಿಮೆ ಎಲ್ಲವೂ ಆಯ್ದು ತಂದದ್ದೇ. ಮನೆಯ ಯಜಮಾನನ ಲೆಕ್ಕದಲ್ಲಿ ಅದರ ಬೆಲೆ ಸೊನ್ನೆ. ಸೊನ್ನೆ ಬೆಲೆಯ ವಸ್ತುವನ್ನು ಬಿಡಿಸಲು ಸಗಣಿ ಹೊತ್ತು ತಂದು ಸುರಿಯಿರಿ, ಚಂದಾ ಕಟ್ಟಿ ಎಂದರೆ ಊರು ಯಾಕೆ ಕೇಳಬೇಕು? ಹೆಂಡತಿಯ, ಮಗಳ 950 ಗಂಟೆ ಆ ಲೆಕ್ಕದ ಪುಸ್ತಕದಲ್ಲಿ ಎಲ್ಲೂ ಬರೆದಿರಲಿಲ್ಲ. ನನ್ನ ಮಟ್ಟಿಗೆ ಇಡೀ ಪ್ರಕರಣದ ತಿರುಳು ಇರುವುದು ಇಲ್ಲಿ. ಸೌದೆ ಪುಕ್ಕಟೆ ಎಂದು ಊರು ನಂಬಿತ್ತು, ಏಕೆಂದರೆ ಅದರ ಬೆಲೆ ತೆರುತ್ತಿದ್ದವರ ಕೈಯಲ್ಲಿ ದುಡ್ಡೂ ಇರಲಿಲ್ಲ, ಮಾತೂ ಇರಲಿಲ್ಲ.

ಊರಿಗೆ ನಿಜಕ್ಕೂ ಬೇಕಾಗಿದ್ದದ್ದು ನೀರು. ಮನೆಯ ಹತ್ತಿರ, ಚೊಕ್ಕಟವಾದ, ಕುಡಿಯುವ ನೀರು. ಅದರಲ್ಲಿ ಗಂಡಸು ಹೆಂಗಸು ಎಂಬ ಭೇದವಿಲ್ಲದೆ ಎಲ್ಲರೂ ಒಂದೇ ಮಾತಾಗಿದ್ದರು. ತಮ್ಮ ಯೋಜನೆಯನ್ನೇ ಹಿಡಿದುಕೊಂಡು ಕೂರದೆ ಆ ಮಾತನ್ನು ಕೇಳಿಸಿಕೊಂಡರಲ್ಲ, ಅದಕ್ಕಾಗಿ ನಾನು ಆ ತಂಡವನ್ನು ಗೌರವಿಸುತ್ತೇನೆ. ಸೋತ ಯೋಜನೆಗೆ ಇನ್ನಷ್ಟು ಹಣ ಸುರಿದು ಗೆಲುವಿನ ವರದಿ ಬರೆಯುವುದು ಸುಲಭವಿತ್ತು. ಹಾಗೆ ಮಾಡಲಿಲ್ಲ.

ನಲ್ಲಿ ಬಂದ ಮೇಲೆ

1987ರಲ್ಲಿ ಅದೇ ಸ್ಥಾವರದ ಅನಿಲವನ್ನು ಒಲೆಗೆ ಬಿಡದೆ ಎಂಜಿನ್ನಿಗೆ ತಿರುಗಿಸಿದರು. ಹಳ್ಳಿಗರಿಗೆ ಗೊತ್ತಿದ್ದ ಡೀಸೆಲ್ ಎಂಜಿನ್ನೇ. ಸ್ವಲ್ಪ ಡೀಸೆಲ್ಲಿನಿಂದ ಕಿಡಿ, ಉಳಿದದ್ದಕ್ಕೆಲ್ಲ ಗೋಬರ್ ಗ್ಯಾಸ್. ಅದಕ್ಕೆ ಜೋಡಿಸಿದ ಐದು ಕಿಲೋವಾಟ್ ಆಸುಪಾಸಿನ ಜನರೇಟರ್ ಕೊಳವೆಬಾವಿಯ ಪಂಪು ಓಡಿಸಿತು, ನೀರು ಮೇಲಿನ ಟ್ಯಾಂಕಿಗೆ ಏರಿತು, ಅಲ್ಲಿಂದ ನಲ್ಲಿಗಳಿಗೆ ಇಳಿಯಿತು. ಸಂಜೆ ಮನೆಗಳಲ್ಲಿ ಟ್ಯೂಬ್‌ಲೈಟ್ ಹೊತ್ತಿಕೊಂಡಿತು.

ಗಣಿತ ಇಲ್ಲಿ ಹೇಗೆ ಬದಲಾಯಿತು ನೋಡಿ. ಒಂದು ಯೂನಿಟ್ ಕರೆಂಟಿಗೆ ಸುಮಾರು 0.6 ಘನ ಮೀಟರ್ ಅನಿಲ ಎಂದಿಟ್ಟುಕೊಂಡರೆ ದಿನಕ್ಕೆ 20 ಯೂನಿಟ್ಟಿಗೆ 12 ಘನ ಮೀಟರ್ ಸಾಕು, ಅಂದರೆ ಸುಮಾರು 350 ಕೆಜಿ ಸಗಣಿ. ಊರಿನ ಒಲೆಗಳಿಗೆ ಬೇಕಾದದ್ದರ ಏಳರಲ್ಲಿ ಒಂದು ಪಾಲು. ಅಡಿಗೆಗೆ ಸಾಲದ ಸಗಣಿ ನೀರಿಗೂ ಬೆಳಕಿಗೂ ಸಾಕಾಗಿ ಮಿಕ್ಕಿತು. ಶಾಖ ಹುಟ್ಟಿಸುವುದು ಯಾವಾಗಲೂ ದುಬಾರಿ. ಅದೇ ಶಕ್ತಿಯಿಂದ ಪಂಪು ತಿರುಗಿಸಿದರೆ, ದೀಪ ಹಚ್ಚಿದರೆ ಕೊಸರಿನಲ್ಲಿ ಕೆಲಸ ಮುಗಿಯುತ್ತದೆ.

ಇನ್ನೊಂದು ಜಾಣತನ ಗೊಬ್ಬರದ ವಿಷಯದಲ್ಲಿತ್ತು. ರೈತನಿಗೆ ಸಗಣಿ ಎಂದರೆ ತಿಪ್ಪೆ, ತಿಪ್ಪೆ ಎಂದರೆ ಬರುವ ವರ್ಷದ ರಾಗಿ. ಸಗಣಿ ಸ್ಥಾವರಕ್ಕೆ ಹಾಕಿದರೆ ಅನಿಲವಾಗಿ ಹೊರಗೆ ಹೋಗುವುದು ಇಂಗಾಲ. ಬೆಳೆಗೆ ಬೇಕಾದ ಸಾರಜನಕ ಬಗ್ಗಡದಲ್ಲೇ ಉಳಿಯುತ್ತದೆ. ನೀರುನೀರಾದ ಬಗ್ಗಡವನ್ನು ಯಾರು ಹೊತ್ತುಕೊಂಡು ಹೋಗುತ್ತಾರೆ? ಅದಕ್ಕೆ ಮರಳಿನ ಪಾತಿ ಮಾಡಿ ನೀರು ಬಸಿದು, ಮಂಕರಿಯಲ್ಲಿ ಹೊರುವಂತೆ ಗಟ್ಟಿಮಾಡಿ, ಯಾರು ಎಷ್ಟು ಸಗಣಿ ತಂದರೋ ಅವರಿಗೆ ವಾಪಸು ಕೊಟ್ಟರು. ಮೇಲಾಗಿ ತಂದು ಹಾಕಿದ್ದಕ್ಕೆ ಕೆಜಿಗೆ ಎರಡು ಪೈಸೆ. ಆ ಪೈಸೆ ಹೆಚ್ಚಾಗಿ ಹೋದದ್ದು ಹೆಂಗಸರ, ಮಕ್ಕಳ ಕೈಗೆ. ಸಣ್ಣ ದುಡ್ಡೇ. ಆದರೆ ಅದುವರೆಗೆ ಸೊನ್ನೆ ಎಂದು ಬರೆದಿದ್ದ ಅವರ ದುಡಿಮೆಗೆ ಮೊದಲ ಬಾರಿ ಒಂದು ಅಂಕಿ ಬಿತ್ತು.

ನಿರ್ವಹಣೆ ಊರಿನ ಗ್ರಾಮ ವಿಕಾಸ ಸಭೆಯದ್ದು. ಎಂಜಿನ್ ನಡೆಸಲು ಊರಿನ ಹುಡುಗರೇ ತಯಾರಾದರು. ದೀಪಕ್ಕೆ, ನಲ್ಲಿಗೆ ತಿಂಗಳ ಶುಲ್ಕ. ಒಂದು ಮನೆಯವರು ಸಗಣಿ ತರುವುದು ನಿಲ್ಲಿಸಿದರೆ ನೀರು ನಿಲ್ಲುವುದು ಎಲ್ಲರಿಗೂ, ಅವರಿಗೂ. ಹಂಚಿಕೊಂಡ ಆಸ್ತಿ ಹಾಳಾಗುತ್ತದೆ ಎನ್ನುವ ಅರ್ಥಶಾಸ್ತ್ರದ ಹಳೆಯ ಮಾತಿಗೆ ಎದುರಾಗಿ, ಹಂಚಿಕೊಂಡದ್ದೇ ವರವಾಯಿತು ಎಂದು ರೆಡ್ಡಿಯವರು ಇದನ್ನು ವಿವರಿಸುತ್ತಿದ್ದರು. ಅನಿಲವನ್ನು ಅಡಿಗೆಗೆ ಕೊಡುವ ಯೋಜನೆಯಲ್ಲಿ ಈ ಬಿಗಿ ಇರಲಿಲ್ಲ. ಅನಿಲ ಬರದಿದ್ದರೆ ಸೌದೆ ಇದ್ದೇ ಇತ್ತು. ನೀರಿಗೆ ಹಾಗೆ ಬದಲಿ ಇರಲಿಲ್ಲ. ವರ್ಷಗಳ ಕಾಲ ಆ ವ್ಯವಸ್ಥೆ ನಡೆಯಿತು. ಎಂಜಿನಿಯರುಗಳ ಕಾವಲಿಲ್ಲದೆ ಹಳ್ಳಿಯವರಿಂದ ಇದೆಲ್ಲ ಆಗದು ಎಂದು ಮೂಗು ಮುರಿದವರಿಗೆ ಪುರ ಉತ್ತರ ಕೊಟ್ಟಿತ್ತು.

ಅದೇ ಜಿಲ್ಲೆಯ ಹೊಸಹಳ್ಳಿಯಲ್ಲಿ 1988ರಲ್ಲಿ ಇನ್ನೊಂದು ದಾರಿ ಹಿಡಿದರು. ಅಲ್ಲಿಗೆ ಕರೆಂಟೇ ಬಂದಿರಲಿಲ್ಲ. ಊರಿನ ಜಾಗದಲ್ಲಿ ಸೌದೆ ತೋಪು ಬೆಳೆಸಿ, ಆ ಸೌದೆಯನ್ನು ಗ್ಯಾಸಿಫೈಯರಿನಲ್ಲಿ ಅರೆಬೆಂಕಿಯಲ್ಲಿ ಸುಟ್ಟು ಅನಿಲ ಮಾಡಿ, ಆ ಅನಿಲದಿಂದ ಎಂಜಿನ್ ನಡೆಸಿ ದೀಪ, ನೀರು, ಹಿಟ್ಟಿನ ಗಿರಣಿ ಓಡಿಸಿದರು. ಸೌದೆಯನ್ನೇ ಬೆಳೆದು, ಬೆಳೆದಷ್ಟನ್ನೇ ಬಳಸಿ, ಅದರಿಂದಲೇ ಕರೆಂಟು.

ಒಲೆ ಮಾತ್ರ ಹಾಗೇ ಉಳಿಯಿತು

ಪುರದ ಕಥೆಯನ್ನು ಹೇಳುವವರು ಇಲ್ಲಿಗೆ ನಿಲ್ಲಿಸುತ್ತಾರೆ. ನಾನು ನಿಲ್ಲಿಸಲಾರೆ, ಏಕೆಂದರೆ ನೀರು ಬಂದರೂ ಒಲೆ ಬದಲಾಗಲಿಲ್ಲ. ನೀರಿನ ಒಂದೂವರೆ ಗಂಟೆ ಉಳಿದದ್ದು ದೊಡ್ಡದು. ಸೌದೆಯ 2.6 ಗಂಟೆ ಹಾಗೇ ಇತ್ತು, ಹೊಗೆಯೂ ಇತ್ತು.

ಒಲೆಯ ಕಡೆಯಿಂದ 'ಅಸ್ತ್ರ' ಮಾಡಿದ ಪ್ರಯತ್ನ ಅಸ್ತ್ರ ಒಲೆ. ಕೆ.ಎಸ್. ಜಗದೀಶ್ ಅವರ ಮುಂದಾಳತ್ವದಲ್ಲಿ 1980ರ ದಶಕದ ಆರಂಭದಲ್ಲಿ ರೂಪುಗೊಂಡದ್ದು. ಮೂರು ಪಾತ್ರೆಗೆ ಜಾಗ, ಕೆಳಗೆ ಗಾಳಿಯಾಡಲು ಜಾಲರಿ, ಮುಚ್ಚಿದ ಬೆಂಕಿಗೂಡು, ಹೊಗೆ ಹೊರಗೆ ಕಳಿಸುವ ಕೊಳವೆ. ಮೂರು ಕಲ್ಲಿನ ಒಲೆಯಲ್ಲಿ ಸೌದೆಯ ಶಾಖದ ಹತ್ತರಲ್ಲಿ ಒಂದು ಪಾಲು ಪಾತ್ರೆಗೆ ಸಿಕ್ಕರೆ ಹೆಚ್ಚು; ಇದರಲ್ಲಿ ಪ್ರಯೋಗಾಲಯದ ಅಳತೆಗೆ ಶೇ. 40ರ ಹತ್ತಿರ ಬಂತು. ರಾಜ್ಯದ ಊರೂರಿಗೂ ಈ ಒಲೆ ಹೋಯಿತು. ನಮ್ಮ ಮನೆಗೂ ಬಂತು.

ಅಮ್ಮ ಅದನ್ನು ಮೆಚ್ಚಿದಳು, ಬಳಸಿದಳು, ಕೆಲವು ವರ್ಷಕ್ಕೆ ಒಡೆದಳು. ಯಾಕೆ ಎಂದು ಕೇಳಿದ್ದಕ್ಕೆ ಅವಳು ಕೊಟ್ಟ ಕಾರಣಗಳು ಇವತ್ತಿಗೂ ನನಗೆ ಯಾವ ವರದಿಗಿಂತ ಹೆಚ್ಚು ತೂಕದವಾಗಿ ಕಾಣುತ್ತವೆ. "ಇದರ ಬಾಯಿಗೆ ಸೌದೆ ಗೇಣುದ್ದ ಕಡಿದು ಹಾಕ್ಬೇಕು ಕಣವ್ವ. ತರೋದೂ ನಾನೇ, ಕಡಿಯೋದೂ ನಾನೇ. ಮೂರು ಕಲ್ಲಿನ ಒಲೆಗಾದ್ರೆ ಉದ್ದಕ್ಕೆ ತುರುಕಿ, ಉರಿದಂಗೆ ಮುಂದಕ್ಕೆ ತಳ್ಳಿದ್ರಾಯ್ತು." ಮುದ್ದೆಯ ತೊಂದರೆ ಬೇರೆ. ಹಿಟ್ಟು ತೊಳೆಸುವಾಗ ಮಡಕೆಗೆ ಕವೆಗೋಲು ಕೊಟ್ಟು, ಕಾಲಲ್ಲಿ ಅದುಮಿ, ಮೈಭಾರವೆಲ್ಲ ಕೋಲಿನ ಮೇಲೆ ಬಿಟ್ಟು ತಿರುವಬೇಕು. ಆ ಏಟಿಗೆ ಮಣ್ಣಿನ ಒಲೆಯ ಅಂಚು ಬಿರುಕು ಬಿಡುತ್ತಿತ್ತು. ಕೊಳವೆಯಲ್ಲಿ ಮಸಿ ಕಟ್ಟಿದರೆ ಹೊಗೆ ಮನೆಯೊಳಕ್ಕೇ ತಿರುಗುತ್ತಿತ್ತು. ಕೊಳವೆ ಕೆರೆಯಲು ಗಂಡಸರು ಮಾಡಿನ ಮೇಲೆ ಹತ್ತಬೇಕು, ಅವರಿಗೆ ಪುರುಸೊತ್ತಿಲ್ಲ. ಉಳಿತಾಯ ಸೌದೆಯದ್ದಾಗಿತ್ತು, ಅವಳ ಕೈಕೆಲಸ ಹೆಚ್ಚಾಗಿತ್ತು. ಅದನ್ನು ಕಟ್ಟಿದವರಿಗೆ ಈ ಮಾತು ತಲುಪಬೇಕಿತ್ತು.

ಈಗ

2016ರ ಮೇ 1ರಂದು ಉಜ್ವಲಾ ಯೋಜನೆ ಶುರುವಾದ ಮೇಲೆ ಸಿಲಿಂಡರು ಕಾಣದ ಹಳ್ಳಿ ಕಡಿಮೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಸುಮಾರು ಶೇ. 80 ಮನೆಗಳ ಅಡಿಗೆ ಹೊಗೆಯಿಲ್ಲದ ಇಂಧನದಲ್ಲಿ. ಹೆಂಗಸರ ಕಣ್ಣು, ಎದೆಗೂಡಿನ ಮಟ್ಟಿಗೆ ಇದು ಸಣ್ಣ ಬದಲಾವಣೆಯಲ್ಲ. ಹೊಗೆಯಲ್ಲಿ ಕೆಮ್ಮಿ ಕೆಮ್ಮಿ ಸವೆದ ಅಜ್ಜಿಯನ್ನು ಕಂಡವಳಾಗಿ ನಾನು ಗ್ಯಾಸಿನ ವಿರುದ್ಧ ಒಂದು ಮಾತೂ ಆಡಲಾರೆ. ಆದರೆ ಆ ಸಿಲಿಂಡರಿನೊಳಗಿನದು ನವೀಕರಿಸಬಹುದಾದದ್ದಲ್ಲ. ದೇಶ ಬಳಸುವ ಅಡಿಗೆ ಅನಿಲದಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನಿಂದ ಹಡಗಿನಲ್ಲಿ ಬರುತ್ತದೆ. ಬೆಲೆ ಏರಿದ ತಿಂಗಳು ಸಿಲಿಂಡರು ಮೂಲೆ ಸೇರಿ ಸಿಂಬೆ ಮತ್ತೆ ತಲೆಗೇರುತ್ತದೆ. ಪುರದ ಎರಡು ಒಲೆಯ ಕಥೆ ಇದೇ.

ಒಂದು ಬದಲಾವಣೆಯ ಕಡೆಗೆ ಯಾರೂ ಹೆಚ್ಚು ಗಮನ ಕೊಟ್ಟಿಲ್ಲ ಅನ್ನಿಸುತ್ತದೆ. ಅಂದು ಪುರದಲ್ಲಿ ಗೋಬರ್ ಗ್ಯಾಸ್ ಅಡಿಗೆಗೆ ಸಾಲದೆ ಹೋದದ್ದು ನಾಟಿ ದನ ಬಯಲಲ್ಲಿ ಮೇಯುತ್ತಿದ್ದುದರಿಂದ. ಈಗ ಡೈರಿಗೆ ಹಾಲು ಹಾಕುವ ಮನೆಗಳಲ್ಲಿ ಸೀಮೆಹಸು ಕೊಟ್ಟಿಗೆಯಲ್ಲೇ ಕಟ್ಟಿರುತ್ತದೆ. ಒಂದು ಹಸುವಿಗೆ ದಿನಕ್ಕೆ 15 ಕೆಜಿಗೂ ಮೇಲೆ ಸಗಣಿ, ಪೂರ್ತಿ ಕೈಗೆ ಸಿಗುವಂಥದ್ದು. ಐದಾರು ಜನರ ಮನೆಯ ಅಡಿಗೆಗೆ ಸಾಲುವ ಎರಡು ಘನ ಮೀಟರಿನ ಸ್ಥಾವರಕ್ಕೆ ಬೇಕಾದದ್ದು ದಿನಕ್ಕೆ ಸುಮಾರು 50 ಕೆಜಿ. ಮೂರು, ನಾಲ್ಕು ಹಸುವಿನ ಮನೆಗೆ ಅದು ಸಲೀಸು. ನಲವತ್ತು ವರ್ಷದ ಹಿಂದೆ ಇಡೀ ಊರು ಸೇರಿದರೂ ಆಗದೆ ಹೋದದ್ದು ಇಂದು ಒಂದೊಂದೇ ಕೊಟ್ಟಿಗೆಯಲ್ಲಿ ಆಗಬಲ್ಲದು. ಹಸುವಿಲ್ಲದ ಮನೆಗೆ ಆಗುವುದಿಲ್ಲ ಎಂಬುದೂ ಅಷ್ಟೇ ನಿಜ. ಅಂಥ ಮನೆಯವರನ್ನು ಮರೆತು ಯೋಜನೆ ಮಾಡಿದರೆ ಪುರದ ಮೂವತ್ತು ಯೂನಿಟ್ಟಿನ ಹಂಚಿಕೆಯೇ ಮತ್ತೆ ಆಗುತ್ತದೆ.

ಇನ್ನು ಸೌದೆ ಉಳಿದಿರುವ ದೊಡ್ಡ ಜಾಗ ಬಚ್ಚಲು. ನಮ್ಮ ಸೀಮೆಯಲ್ಲಿ ಸಾರು, ಕಾಫಿ ಗ್ಯಾಸಿಗೆ ಹೋದ ಮೇಲೂ ಹಂಡೆಯ ಕೆಳಗೆ ಬೆಂಕಿ ಆರಿಲ್ಲ. ತೆಂಗಿನ ಮಟ್ಟೆ, ಗರಿ, ಹೊಂಬಾಳೆ, ತೊಗರಿ ಕಡ್ಡಿ. ಅರವತ್ತು ಲೀಟರ್ ನೀರನ್ನು ಇಪ್ಪತ್ತೈದು ಡಿಗ್ರಿಯಷ್ಟು ಬಿಸಿ ಮಾಡಲು ಬೇಕಾದ ಶಾಖ ಅರ್ಧ ಕೆಜಿ ಒಣ ಸೌದೆಯಲ್ಲೇ ಇದೆ. ಹಂಡೆ ಒಲೆಯಲ್ಲಿ ಉರಿಯುವುದು ಮೂರು ಕೆಜಿ ಹತ್ತಿರ. ಉಳಿದದ್ದು ಗೋಡೆಗೆ, ಗಾಳಿಗೆ. ಬಿಸಿಲು ಧಾರಾಳವಾಗಿರುವ ಬಯಲುಸೀಮೆಯಲ್ಲಿ ಈ ಕೆಲಸ ಸೂರ್ಯನಿಗೆ ಬಿಡಬೇಕಾದದ್ದು.

ನಮ್ಮ ಮನೆಯಲ್ಲಿ ಬಿಡೋಣ ಎಂದು ಹೊರಟಾಗ ಸೋಲಾರ್ ಹಾಕುವ ಹುಡುಗ ಮಾಡು ನೋಡಿ ಕೇಳಿದ ಮೊದಲ ಪ್ರಶ್ನೆ, "ಅಕ್ಕ, ಮೇಲೆ ಟ್ಯಾಂಕ್ ಎಲ್ಲಿದೆ?" ಟ್ಯಾಂಕಿರಲಿಲ್ಲ. ತ್ರೀ ಫೇಸ್ ಬಂದ ಹೊತ್ತಿನಲ್ಲಿ ಅಂಗಳದ ತೊಟ್ಟಿ ತುಂಬಿಸಿಕೊಂಡು ಬಿಂದಿಗೆಯಲ್ಲಿ ಬಚ್ಚಲಿಗೆ ಹೊರುತ್ತಿದ್ದೆವು. ಸೋಲಾರಿನ ದುಡ್ಡು ಎತ್ತಿಟ್ಟು ಮೊದಲು ಟ್ಯಾಂಕು ಕಟ್ಟಿಸಿ ಕೊಳವೆ ಎಳೆಸಿದೆವು. ಬಚ್ಚಲಲ್ಲಿ ನಲ್ಲಿ ತಿರುಗಿಸಿದ ದಿನ ಅಮ್ಮ ಬಿಂದಿಗೆ ಬೋರಲು ಹಾಕಿ, "ಇಷ್ಟಾದ್ರೆ ಸಾಕಿತ್ತು ಕಣವ್ವ, ಸೌದೆ ಹೆಂಗೋ ಆಗದು" ಅಂದಳು. ಮರುವರ್ಷ ಸೋಲಾರ್ ಕೂತಿತು. ಆಷಾಢದ ಮೋಡದ ದಿನಗಳಿಗೆ, ನೀರು ತುಂಬುವ ಹಬ್ಬಕ್ಕೆ ಹಂಡೆ ಇನ್ನೂ ಇದೆ. ಅದರ ಕೆಳಗೆ ಹಾಕಲು ಹಿತ್ತಲ ತೆಂಗಿನ ಮಟ್ಟೆಯೇ ಮಿಕ್ಕುತ್ತದೆ.